ಆಫೀಸು ಬೆಂಗಳೂರಿನಲ್ಲಿ, ಕಾನೂನು ಯುರೋಪಿನದೇ?

ಪ್ರಶ್ನೆ: ಬೆಂಗಳೂರಿನ ಸಣ್ಣ ಕಂಪನಿ ನಮ್ಮದು. ಕೆಲಸಕ್ಕೆ ಅರ್ಜಿ ಹಾಕಿದವರ ರೆಸ್ಯೂಮೆಗೆ ಅಂಕ ಕೊಡುವ ಎಐ ಸಾಫ್ಟ್‌ವೇರ್ ಮಾಡಿದ್ದೇವೆ. ಜರ್ಮನಿಯಲ್ಲೊಬ್ಬರು, ನ್ಯೂಯಾರ್ಕ್ ನಗರದಲ್ಲೊಬ್ಬರು ಕೊಳ್ಳಲು ಮುಂದೆ ಬಂದಿದ್ದಾರೆ. ಅಮೆರಿಕ–ಚೀನಾ ಪೈಪೋಟಿಯಿಂದ ಎಲ್ಲೆಡೆ ನಿಯಮ ಸಡಿಲವಾಗುತ್ತಿದೆಯಂತೆ. ಕಾದು ನೋಡೋಣವೇ?

ಉತ್ತರ: ಕಾಯಬೇಡಿ. ಯುರೋಪಿನ ಎಐ ಕಾಯ್ದೆಗೆ ನಿಮ್ಮ ಆಫೀಸು ಎಲ್ಲಿದ್ದರೂ ಒಂದೇ. ಸಾಫ್ಟ್‌ವೇರ್ ಕೊಟ್ಟ ಅಂಕ ಯುರೋಪಿಯನ್ ಒಕ್ಕೂಟದಲ್ಲಿ ಬಳಕೆಯಾದರೆ ನೀವು ಅದರ ವ್ಯಾಪ್ತಿಗೆ ಬರುತ್ತೀರಿ. ನೇಮಕಾತಿ ಅಲ್ಲಿ 'ಅಧಿಕ ಅಪಾಯ'ದ ಪಟ್ಟಿಯಲ್ಲಿದೆ. 'ತೀರ್ಮಾನ ಎಚ್‌ಆರ್‌ನವರದು, ನಮ್ಮದು ಬರೀ ಸಲಹೆ' ಎಂಬ ವಾದ ನಡೆಯದು. ಅಭ್ಯರ್ಥಿಯ ಪ್ರೊಫೈಲಿಂಗ್ (ವೈಯಕ್ತಿಕ ಮಾಹಿತಿಯಿಂದ ಗುಣ, ಸಾಮರ್ಥ್ಯವನ್ನು ಯಂತ್ರವೇ ಅಳೆಯುವುದು) ಮಾಡಿದರೆ ವಿನಾಯಿತಿಯೇ ಇಲ್ಲ.

ಸಮಾಧಾನದ ವಿಷಯವೂ ಇದೆ: ಹೊರಗಿನ ಸಂಸ್ಥೆಯ ಪ್ರಮಾಣಪತ್ರ ಬೇಕಿಲ್ಲ, ನೀವೇ ಪರಿಶೀಲಿಸಿ ಘೋಷಿಸಬಹುದು. ತಾಂತ್ರಿಕ ದಾಖಲೆ 10 ವರ್ಷ, ಲಾಗ್‌ಗಳು (ಸಾಫ್ಟ್‌ವೇರ್ ತಾನೇ ಬರೆದಿಡುವ ಚಟುವಟಿಕೆಯ ದಾಖಲೆ) ಕನಿಷ್ಠ 6 ತಿಂಗಳು ಉಳಿಯಬೇಕು; ಒಕ್ಕೂಟದೊಳಗೆ ಅಧಿಕೃತ ಪ್ರತಿನಿಧಿಯೊಬ್ಬರನ್ನು ಲಿಖಿತವಾಗಿ ನೇಮಿಸಬೇಕು. ಸಣ್ಣ ತಂಡಗಳು ಎಡವುವುದು ದಾಖಲೆಯಲ್ಲೇ. ಮಾಡೆಲ್‌ಗೆ ಯಾವ ಡೇಟಾ ಉಣಿಸಿದೆವು, ಯಾವುದನ್ನು ಏಕೆ ತೆಗೆದೆವು ಎಂದು ಆಗಲೇ ಬರೆದಿಡದಿದ್ದರೆ ಆಮೇಲೆ ಯಾರಿಗೂ ನೆನಪಿರುವುದಿಲ್ಲ. ಪ್ರತಿ ಆವೃತ್ತಿಯ ಜೊತೆ ಡೇಟಾದ ಮೂಲ, ಪರೀಕ್ಷೆಯ ಫಲಿತಾಂಶ ಸೇರಿಸಿಡಿ. ವಿಡಿಯೊ ಸಂದರ್ಶನದಲ್ಲಿ ಮುಖ ನೋಡಿ 'ಉತ್ಸಾಹ' ಅಳೆಯುವ ಸೌಲಭ್ಯವಿದ್ದರೆ ಕಿತ್ತುಹಾಕಿ. ಅದು 2025ರ ಫೆಬ್ರುವರಿ 2ರಿಂದಲೇ ನಿಷಿದ್ಧ.

ಪೈಪೋಟಿಯ ಪರಿಣಾಮ ಇರುವುದು ನಿಜ. ಅಧಿಕ ಅಪಾಯದ ನಿಯಮಗಳಿಗೆ ಕಾಯ್ದೆಯಲ್ಲಿದ್ದ ಗಡುವು 2026ರ ಆಗಸ್ಟ್ 2. ಅದನ್ನು 2027ರ ಡಿಸೆಂಬರ್‌ವರೆಗೆ ತಳ್ಳಲು ಒಕ್ಕೂಟದ ಆಡಳಿತ ಮಂಡಳಿಯಾದ ಯುರೋಪಿಯನ್ ಕಮಿಷನ್ 2025ರ ನವೆಂಬರ್‌ನಲ್ಲಿ ಪ್ರಸ್ತಾವ ಇಟ್ಟಿತು. ಅಮೆರಿಕದಲ್ಲಿ ಬೈಡನ್ ಅವರ 2023ರ ಎಐ ಆದೇಶವನ್ನು ಟ್ರಂಪ್ ಅಧಿಕಾರಕ್ಕೆ ಬಂದ ದಿನವೇ ರದ್ದು ಮಾಡಿದರು. ಚೀನಾ ಮಾತ್ರ ಬೇರೆ ದಾರಿ ಹಿಡಿದಿದೆ: ಉದ್ಯಮಕ್ಕೆ ಉತ್ತೇಜನ, ಜನರ ಕಣ್ಣಿಗೆ ಬೀಳುವ ವಿಷಯದ ಮೇಲೆ ಹಿಡಿತ. ಎಐ ಸೃಷ್ಟಿಸಿದ ಬರಹ, ಚಿತ್ರ, ವಿಡಿಯೊಗಳಿಗೆ 'ಇದು ಎಐ' ಎಂದು ಗುರುತು ಹಾಕುವುದು ಅಲ್ಲಿ 2025ರ ಸೆಪ್ಟೆಂಬರ್ 1ರಿಂದ ಕಡ್ಡಾಯ.

ಆದರೆ ನ್ಯೂಯಾರ್ಕ್‌ನಲ್ಲಿ ನಿಮಗೆ ಎದುರಾಗುವುದು ವಾಷಿಂಗ್ಟನ್ ಅಲ್ಲ, ನಗರದ ಕಾನೂನು. 2023ರ ಜುಲೈನಿಂದ ಅದು ಜಾರಿಯಲ್ಲಿದೆ. ಬಳಕೆಗೆ ಹಿಂದಿನ ಒಂದು ವರ್ಷದೊಳಗೆ ಲಿಂಗ, ಜನಾಂಗವಾರು ತಾರತಮ್ಯದ ಆಡಿಟ್ ಆಗಿರಬೇಕು. ಸಾಫ್ಟ್‌ವೇರ್ ಮಾಡಿದವರೇ ಆಡಿಟರ್ ಆಗುವಂತಿಲ್ಲ. ಅಭ್ಯರ್ಥಿಗೆ 10 ಕೆಲಸದ ದಿನ ಮೊದಲೇ ತಿಳಿಸಬೇಕು. ಹೊಣೆ ಉದ್ಯೋಗದಾತರದು, ಅಂಕಿಅಂಶ ಕೇಳುವುದು ಮಾತ್ರ ನಿಮ್ಮನ್ನೇ.

ಭಾರತದಲ್ಲಿ ಪ್ರತ್ಯೇಕ ಎಐ ಕಾಯ್ದೆಯಿಲ್ಲ. 2025ರ ನವೆಂಬರ್‌ನಲ್ಲಿ ಬಂದದ್ದು ಮಾರ್ಗಸೂಚಿ ಮಾತ್ರ.

ಇನ್ನೊಂದು ಮಾತು. 'ಕಾನೂನು ಪಾಲನೆಯ ಸಂಪೂರ್ಣ ಹೊಣೆ ಮಾರಾಟಗಾರರದು' ಎಂಬ ಸಾಲು ಒಪ್ಪಂದದಲ್ಲಿದ್ದರೆ ಸಹಿ ಹಾಕಬೇಡಿ. ಅಭ್ಯರ್ಥಿಗಳಿಗೆ ತಿಳಿಸುವುದು, ಮನುಷ್ಯರ ಮೇಲ್ವಿಚಾರಣೆ ಇಡುವುದು ಕೊಳ್ಳುವವರ ಕೆಲಸ ಎಂದು ಅದರಲ್ಲೇ ಬರೆಸಿ.