ವಿಂಡೋಸ್ ಹಾಕಿಸಿದ ಮೇಲೆ ಉಬುಂಟು ಕಾಣ್ತಿಲ್ಲ ಅಂದಿದ್ದಕ್ಕೆ

ವಿಂಡೋಸ್ ಹಾಕಿಸಿದ ಮೇಲೆ ಕಂಪ್ಯೂಟರ್‌ನಲ್ಲಿ ಮೊದಲಿದ್ದ ಉಬುಂಟು (ಲಿನಕ್ಸ್ ಆಪರೇಟಿಂಗ್ ಸಿಸ್ಟಂ) ಕಾಣ್ತಿಲ್ಲ ಅಂದಿರಲ್ಲ, ಅದು ಬಹುಶಃ ಹಾಗೇ ಇದೆ. ಪುಣೆಯ ತಾಪ್ಕೀರ್ ಗಲ್ಲಿಯ ಅಂಗಡಿಯಲ್ಲಿ ಹೊಸದಾಗಿ ಹಾಕಿಸಿದ ವಿಂಡೋಸ್ ಬೂಟ್ ಸರದಿಯಲ್ಲಿ (ಕಂಪ್ಯೂಟರ್ ಆನ್ ಆದಾಗ ಯಾವುದು ಮೊದಲು ಶುರುವಾಗಬೇಕು ಅನ್ನೋ ಪಟ್ಟಿ) ತಾನೇ ಮೊದಲಾಗಿದೆ, ಅದಕ್ಕೇ ಉಬುಂಟು, ವಿಂಡೋಸ್‌ಗಳಲ್ಲಿ ಒಂದನ್ನು ಆರಿಸೋ ಗ್ರಬ್ ಮೆನು ಬರ್ತಿಲ್ಲ.

ಮೊದಲು ಬಿಟ್‌ಲಾಕರ್ (ವಿಂಡೋಸ್‌ನ ಡಿಸ್ಕ್ ಬೀಗ) ರಿಕವರಿ ಕೀ ಬರೆದಿಟ್ಟುಕೊಳ್ಳಿ; ಬೂಟ್ ಸೆಟ್ಟಿಂಗ್ ಬದಲಾದರೆ ವಿಂಡೋಸ್ ಅದನ್ನು ಕೇಳಬಹುದು. ಆಮೇಲೆ ಆನ್ ಮಾಡುವಾಗಲೇ ಎಫ್12 ಒತ್ತಿ, ಎಚ್‌ಪಿ ಆದರೆ ಎಫ್9; ಬೂಟ್ ಪಟ್ಟಿ ಬರುತ್ತೆ. ಪಟ್ಟಿಯಲ್ಲಿ ‘ಉಬುಂಟು’ ಇದ್ದರೆ ಬಯಾಸ್‌ನಲ್ಲಿ (ಕಂಪ್ಯೂಟರ್‌ನ ಮೂಲ ಸೆಟ್ಟಿಂಗ್ ಪರದೆ) ಅದನ್ನು ಮೇಲಕ್ಕೆ ತನ್ನಿ, ಅಷ್ಟೇ ಸಾಕು.

ಇಲ್ಲದಿದ್ದರೆ ಉಬುಂಟು ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಆದರೆ ಯುಇಎಫ್‌ಐ (ಈಗಿನ ಹೊಸ ಬೂಟ್ ವಿಧಾನ) ಮೋಡ್‌ನಲ್ಲೇ. ಲೆಗಸಿಯಲ್ಲಿ (ಹಳೆ ಬೂಟ್ ವಿಧಾನ) ಎದ್ದರೆ ಇಎಫ್‌ಐ ಎಂಟ್ರಿ, ಅಂದರೆ ಬೂಟ್ ಪಟ್ಟಿಯಲ್ಲಿ ಉಬುಂಟು ಹೆಸರು, ಬರೆಯೋಕೆ ಆಗಲ್ಲ. ‘ಟ್ರೈ ಉಬುಂಟು’ ಆರಿಸಿ, ‘ಡಿಸ್ಕ್ಸ್’ ಆ್ಯಪ್ ತೆರೆದು ಎಕ್ಸ್ಟ್4 (ext4) ಪಾರ್ಟಿಶನ್, ಅಂದರೆ ಡಿಸ್ಕ್‌ನಲ್ಲಿ ಉಬುಂಟು ಇರೋ ಭಾಗ, ಇದೆಯಾ ನೋಡಿ. ಇದ್ದರೆ ಬೂಟ್-ರಿಪೇರ್ (ಬೂಟ್ ಸರಿಪಡಿಸೋ ಆ್ಯಪ್) ಹಾಕಿಕೊಂಡು ‘ರೆಕಮೆಂಡೆಡ್ ರಿಪೇರ್’ ಒತ್ತಿ. ಇಲ್ಲವಾದರೆ ಅಂಗಡಿಯಲ್ಲಿ ಪಾರ್ಟಿಶನ್ ಅಳಿಸಿರಬಹುದು. ದಯವಿಟ್ಟು ಡಿಸ್ಕ್ ಮೇಲೆ ಏನೂ ಬರೆಯದೆ ಡೇಟಾ ರಿಕವರಿ ನೋಡಿ.

ಗ್ರಬ್ ಮೆನು ಬಂದರೂ ಅದರಲ್ಲಿ ವಿಂಡೋಸ್ ಕಾಣದಿದ್ದರೆ ಕಾರಣ ಇದಿರಬಹುದು: ಬೇರೆ ಆಪರೇಟಿಂಗ್ ಸಿಸ್ಟಂ ಹುಡುಕೋ ಓಎಸ್-ಪ್ರೋಬರ್ ಗ್ರಬ್ 2.06ರಿಂದ ತಾನಾಗಿ ಆಫ್ ಇರುತ್ತೆ. ಗ್ರಬ್ ಸೆಟ್ಟಿಂಗ್‌ನಲ್ಲಿ ಅದನ್ನು ಆನ್ ಮಾಡಿ, ಉಬುಂಟು ಟರ್ಮಿನಲ್‌ನಲ್ಲಿ ಅಪ್‌ಡೇಟ್-ಗ್ರಬ್ (update-grub) ಕಮಾಂಡ್ ಕೊಡಿ.