ಕಡಿಮೆ ಅಂಕ, ಆರು ವರ್ಷಗಳ ಅನುಭವ: ಎಂ.ಎಸ್. ಪ್ರವೇಶ ಸಿಕ್ಕೀತೇ?

ಪ್ರಶ್ನೆ: ನಾನು ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಪದವೀಧರ. ಹತ್ತಕ್ಕೆ 6.1 ಸಿಜಿಪಿಎ ಬಂದಿದೆ. ಎರಡನೇ ವರ್ಷದಲ್ಲಿ ಗಣಿತ ಹಾಗೂ ಸಿಗ್ನಲ್ಸ್ ಆ್ಯಂಡ್ ಸಿಸ್ಟಮ್ಸ್ ವಿಷಯಗಳಲ್ಲಿ ಫೇಲಾಗಿ ಮರುಪರೀಕ್ಷೆಯಲ್ಲಿ ಪಾಸಾದೆ; ಕೊನೆಯ ವರ್ಷದ ಅಂಕಗಳು ಪರವಾಗಿಲ್ಲ. ಆರು ವರ್ಷಗಳಿಂದ ಮೋಟಾರ್ ಕಂಟ್ರೋಲರ್‌ಗಳ ವಿನ್ಯಾಸದಲ್ಲಿ ಕೆಲಸ ಮಾಡುತ್ತಿದ್ದೇನೆ. ವಿದೇಶದಲ್ಲಿ ಪವರ್ ಎಲೆಕ್ಟ್ರಾನಿಕ್ಸ್‌ನಲ್ಲಿ ಎಂ.ಎಸ್. ಮಾಡುವ ಆಸೆಯಿದೆ. ನನ್ನ ಅನುಭವ ಹಳೆಯ ಅಂಕಗಳನ್ನು ಸರಿದೂಗಿಸುತ್ತದೆಯೇ? ಜಿಆರ್‌ಇ ಪ್ರವೇಶ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ತೆಗೆದರೆ ಸಾಕೇ?

ಉತ್ತರ: ಅನುಭವವೊಂದೇ ಸರಿದೂಗಿಸುವುದಿಲ್ಲ, ಆದರೆ ನಿಮ್ಮ ದಾರಿ ಮುಚ್ಚಿಯೂ ಇಲ್ಲ. ನಿಮ್ಮ ಅಂಕಪಟ್ಟಿಯನ್ನು ನೋಡುವ ಪ್ರವೇಶ ಸಮಿತಿಗೆ ಮುಖ್ಯವಾಗಿ ಕಾಡುವ ಸಂದೇಹ ಒಂದೇ: ಸ್ನಾತಕೋತ್ತರ ಮಟ್ಟದ ಗಣಿತವನ್ನು ಈ ಅಭ್ಯರ್ಥಿ ಇಂದು ನಿಭಾಯಿಸಬಲ್ಲನೇ? ನೀವು ಎಡವಿದ ಎರಡೂ ವಿಷಯಗಳು ಪವರ್ ಎಲೆಕ್ಟ್ರಾನಿಕ್ಸ್‌ಗೆ ತಳಪಾಯವಾಗಿರುವುದರಿಂದ ಆ ಸಂದೇಹ ಸಹಜವಾದದ್ದೇ. ಅದಕ್ಕೆ ಉತ್ತರ ಕೊಡುವ ಹೊಸ ಪುರಾವೆಯನ್ನು ನೀವು ಅರ್ಜಿಗೆ ಮೊದಲೇ ಸಿದ್ಧಪಡಿಸಿಕೊಳ್ಳಬೇಕು.

ಜಿಆರ್‌ಇ ಆ ಪುರಾವೆಯಾಗಲಾರದು. ಅದರ ಕ್ವಾಂಟಿಟೇಟಿವ್ ವಿಭಾಗ 130ರಿಂದ 170ರವರೆಗಿನ ಅಂಕಗಳಲ್ಲಿ ಅಳೆಯುವುದು ಅಂಕಗಣಿತ, ಬೀಜಗಣಿತ, ರೇಖಾಗಣಿತ ಮತ್ತು ದತ್ತಾಂಶ ವಿಶ್ಲೇಷಣೆಯನ್ನು, ಕ್ಯಾಲ್ಕುಲಸ್ ಅದರಲ್ಲಿಲ್ಲ. ಅಲ್ಲಿ 168 ಬಂದರೂ ಸಿಗ್ನಲ್ಸ್ ವಿಷಯದಲ್ಲಿ ಬರುವ ಲ್ಯಾಪ್ಲಾಸ್ ಪರಿವರ್ತನೆ ಎಂಬ ಗಣಿತ ವಿಧಾನ ನಿಮಗೆ ಕರಗತವಾಗಿದೆ ಎಂದು ಸಿದ್ಧವಾಗುವುದಿಲ್ಲ. ಹಲವು ವಿಭಾಗಗಳು ಈ ಪರೀಕ್ಷೆಯನ್ನು ಕಡ್ಡಾಯ ಮಾಡುವುದನ್ನೇ ಬಿಟ್ಟಿವೆ. ಕೇಳುವ ಕಡೆಗೆ ಬರೆಯಿರಿ, ಆದರೆ ನಿಮ್ಮ ಬಿಡುವಿನ ಸಮಯವನ್ನೆಲ್ಲ ಅದಕ್ಕೇ ಸುರಿಯಬೇಡಿ.

ಆ ಸಮಯವನ್ನು ಲೀನಿಯರ್ ಆಲ್ಜೀಬ್ರಾ, ಡಿಫರೆನ್ಷಿಯಲ್ ಈಕ್ವೇಶನ್ಸ್ ಅಥವಾ ಕಂಟ್ರೋಲ್ ಸಿಸ್ಟಮ್ಸ್‌ನಲ್ಲಿ ಒಂದೆರಡು ಕೋರ್ಸುಗಳಿಗೆ ಕೊಡಿ ಎಂಬುದು ನನ್ನ ಖಚಿತವಾದ ಸಲಹೆ. ಪದವಿಗೆ ಸೇರದೆ ಬಿಡಿ ಕೋರ್ಸು ಓದಲು ಅವಕಾಶ ಕೊಡುವ ವಿಶ್ವವಿದ್ಯಾಲಯಗಳಿವೆ. ಅಲ್ಲಿ ಪರೀಕ್ಷೆ ಬರೆದು ಪಡೆದ ಗ್ರೇಡು ಅಧಿಕೃತ ಅಂಕಪಟ್ಟಿಯಲ್ಲಿ ಸೇರುತ್ತದೆ. ಎಂಐಟಿಯ ಓಪನ್‌ಕೋರ್ಸ್‌ವೇರ್‌ನಂಥ ಉಚಿತ ಸಾಮಗ್ರಿ ಕಲಿಕೆಗೆ ಬಹಳ ಒಳ್ಳೆಯದು, ಆದರೆ ಅದು ಗ್ರೇಡು ಕೊಡುವುದಿಲ್ಲವಾದ್ದರಿಂದ ಸಮಿತಿಯ ಮುಂದೆ ಇಡಲು ಏನೂ ಉಳಿಯುವುದಿಲ್ಲ. ನಿಮ್ಮ ಶಾಖೆಗೇ ಹೊಂದುವ ಇನ್ನೊಂದು ದಾರಿಯೂ ಇದೆ: ಕೊಲರಾಡೊ ವಿಶ್ವವಿದ್ಯಾಲಯದ ಬೌಲ್ಡರ್ ಕ್ಯಾಂಪಸ್ಸು ಕೋರ್ಸೆರಾ ಎಂಬ ಆನ್‌ಲೈನ್ ಕಲಿಕಾ ತಾಣದ ಮೂಲಕ ನಡೆಸುವ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಎಂ.ಎಸ್.ನಲ್ಲಿ ಹಳೆಯ ಅಂಕಪಟ್ಟಿಯನ್ನು ನೋಡದೆ, ಆರಂಭದ ನಿಗದಿತ ಕೋರ್ಸುಗಳನ್ನು ನಿಗದಿತ ಗ್ರೇಡಿನೊಂದಿಗೆ ಮುಗಿಸಿದವರಿಗೆ ಪ್ರವೇಶ ಕೊಡುತ್ತಾರೆ.

ಎಲ್ಲಿಗೆ ಅರ್ಜಿ ಹಾಕುತ್ತೀರಿ ಎಂಬುದೂ ಮುಖ್ಯ. ಜರ್ಮನಿಯಲ್ಲಿ ವಿದೇಶಿ ಅಂಕಗಳನ್ನು ಸಾಮಾನ್ಯವಾಗಿ ಬವೇರಿಯನ್ ಸೂತ್ರದಿಂದ ಪರಿವರ್ತಿಸುತ್ತಾರೆ; ಅಲ್ಲಿ 1 ಅತ್ಯುತ್ತಮ, 4 ಕನಿಷ್ಠ ಉತ್ತೀರ್ಣ ದರ್ಜೆ. ನಿಮ್ಮಲ್ಲಿ ಉತ್ತೀರ್ಣತೆಗೆ ಕನಿಷ್ಠ 4 ಬೇಕೆಂದಾದರೆ, ಗರಿಷ್ಠ 10ರಿಂದ ನಿಮ್ಮ 6.1ನ್ನು ಕಳೆದಾಗ ಬರುವ 3.9ನ್ನು 6ರಿಂದ ಭಾಗಿಸಿ, ಮೂರರಿಂದ ಗುಣಿಸಿ, ಒಂದನ್ನು ಕೂಡಿದರೆ 2.95 ಬರುತ್ತದೆ. ಅಲ್ಲಿನ ಅನೇಕ ಕೋರ್ಸುಗಳು 2.5ರ ಮಿತಿ ಇಟ್ಟಿವೆ, ಅಂದರೆ ಅದೇ ಲೆಕ್ಕದಲ್ಲಿ ನಿಮಗೆ 7.0 ಬೇಕಿತ್ತು. ಇಂಥ ಕಟ್ಟುನಿಟ್ಟಿನ ಮಿತಿ ಇರುವ ಕಡೆ ಅನುಭವವನ್ನು ಯಾರೂ ಓದುವುದಕ್ಕೆ ಮೊದಲೇ ಅರ್ಜಿ ಬದಿಗೆ ಸರಿಯುತ್ತದೆ. ಅಮೆರಿಕದಲ್ಲಿ ನಾಲ್ಕಕ್ಕೆ 3.0 ಎಂಬ ಮಿತಿ ಸಾಮಾನ್ಯವಾದರೂ, ವಿಭಾಗವೇ ಮುಂದೆ ನಿಂತು ವಿನಾಯಿತಿ ಕೋರಲು ಹಲವು ಕಡೆ ಅವಕಾಶವಿದೆ. ಕೊನೆಯ ಎರಡು ವರ್ಷಗಳ ಅಂಕಗಳನ್ನೇ ಪ್ರಧಾನವಾಗಿ ಪರಿಗಣಿಸುವ ಸಂಸ್ಥೆಗಳೂ ಇವೆ. ನಿಮ್ಮ ಒಲವು ಅತ್ತ ಇರಲಿ.

ಇನ್ನು ಅನುಭವದ ವಿಚಾರ. ‘ಆರು ವರ್ಷ ಮೋಟಾರ್ ಕಂಟ್ರೋಲರ್ ವಿನ್ಯಾಸ ಮಾಡಿದ್ದೇನೆ’ ಎಂಬ ವಾಕ್ಯದಿಂದ ಪ್ರಾಧ್ಯಾಪಕರಿಗೆ ಏನೂ ತಿಳಿಯುವುದಿಲ್ಲ. ಉದಾಹರಣೆಗೆ, ಕಡಿಮೆ ವೇಗದಲ್ಲಿ ಮೋಟಾರಿನ ಕರೆಂಟಿನ ಅಲೆ ವಿರೂಪಗೊಳ್ಳುತ್ತಿದ್ದುದನ್ನು ನೀವು ಆಸಿಲೋಸ್ಕೋಪಿನಲ್ಲಿ ಕಂಡಿರಿ, ಸಿಮ್ಯುಲೇಶನ್‌ನಲ್ಲಿ ಅದು ಕಾಣದಿದ್ದಾಗ ಮಾದರಿಯಲ್ಲಿ ಇನ್ವರ್ಟರ್‌ನ ಡೆಡ್ ಟೈಮ್ (ಜೋಡಿ ಸ್ವಿಚ್ಚುಗಳು ಒಟ್ಟಿಗೆ ಆನ್ ಆಗದಂತೆ ಇಡುವ ಕಿರು ವಿರಾಮ) ಸೇರಿಸಿಲ್ಲವೆಂದು ಗುರುತಿಸಿದಿರಿ, ಅದನ್ನು ಸೇರಿಸಿ ಪರಿಹಾರದ ಲೆಕ್ಕ ಕಟ್ಟಿ ಮತ್ತೆ ಅಳೆದಿರಿ ಎಂದಿಟ್ಟುಕೊಳ್ಳೋಣ. ಎಸ್‌ಒಪಿಯಲ್ಲಿ, ಅಂದರೆ ಅರ್ಜಿಯ ಜೊತೆ ಕೊಡುವ ಉದ್ದೇಶ ಪತ್ರದಲ್ಲಿ, ಇಂಥದೊಂದು ಸಮಸ್ಯೆಯನ್ನು ಅರ್ಧ ಪುಟ ಬಿಡಿಸಿ ಬರೆದರೆ ನಿಮ್ಮ ಯೋಚನೆಯ ಕ್ರಮ ಎದ್ದು ಕಾಣುತ್ತದೆ. ಕಂಪನಿಯ ಗೋಪ್ಯ ವಿವರಗಳು ಅದರಲ್ಲಿ ಸೇರದಂತೆ ಮೇಲಧಿಕಾರಿಗಳ ಅನುಮತಿ ಪಡೆದೇ ಬರೆಯಿರಿ. ಫೇಲಾದ ವಿಷಯಕ್ಕೆ ಎರಡು ಮೂರು ವಾಕ್ಯ ಸಾಕು: ಏನಾಯಿತು, ಆಮೇಲೆ ಏನು ಮಾಡಿದಿರಿ. ಕಾಲೇಜನ್ನೋ ಅಧ್ಯಾಪಕರನ್ನೋ ದೂರಬೇಡಿ.

ಶಿಫಾರಸು ಪತ್ರಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಸಾಮಾನ್ಯವಾಗಿ ಮೂರು ಕೇಳುತ್ತಾರೆ. ನಿಮ್ಮ ಲೆಕ್ಕಾಚಾರಗಳನ್ನು ಕಣ್ಣಾರೆ ಕಂಡ ಟೀಮ್ ಲೀಡ್ ಬರೆದ ಪತ್ರ, ಹೆಸರು ಮಾತ್ರ ಬಲ್ಲ ದೊಡ್ಡ ಅಧಿಕಾರಿಯ ಪತ್ರಕ್ಕಿಂತ ಹೆಚ್ಚು ತೂಗುತ್ತದೆ. ಒಂದು ಪತ್ರವಾದರೂ ಅಧ್ಯಾಪಕರದಾಗಿರಬೇಕು. ಆರು ವರ್ಷಗಳ ನಂತರ ಹಳೆಯ ಗುರುಗಳಿಗೆ ನಿಮ್ಮ ನೆನಪು ಮಸುಕಾಗಿದ್ದರೆ, ಹೊಸ ಕೋರ್ಸಿನ ಅಧ್ಯಾಪಕರನ್ನು ಕೇಳಬಹುದು. ಆ ಕೋರ್ಸಿನ ಗ್ರೇಡು ಕೈಸೇರಿದ ಮೇಲೆಯೇ ಅರ್ಜಿ ಹಾಕಿ, ಏಕೆಂದರೆ ಇನ್ನೂ ನಡೆಯುತ್ತಿರುವ ಕೋರ್ಸು ಸಮಿತಿಯ ಕಣ್ಣಿಗೆ ಬರೀ ಹೆಸರಾಗಿಯಷ್ಟೇ ಕಾಣುತ್ತದೆ. ಅದಕ್ಕಾಗಿ ಈ ವರ್ಷದ ಗಡುವು ತಪ್ಪಿದರೆ ತಪ್ಪಲಿ, ಮುಂದಿನ ವರ್ಷದ ಅರ್ಜಿ ಇನ್ನಷ್ಟು ಗಟ್ಟಿಯಾಗಿರುತ್ತದೆ.