ಹೆರಿಗೆಯಾದ ಮೇಲೆ ಸಿಟ್‌ಅಪ್ ಬೇಡ

ಪ್ರಶ್ನೆ: ಸಹಜ ಹೆರಿಗೆಯಾಗಿ ಮೂರು ತಿಂಗಳು. ದಿನಾ 30 ಸಿಟ್‌ಅಪ್ ಮಾಡಿದರೂ ಹೊಟ್ಟೆ ಇಳಿದಿಲ್ಲ. ಏಳುವಾಗ ನಡುವೆ ದಿಂಡಿನಂತೆ ಉಬ್ಬುತ್ತದೆ. ಅತ್ತೆ ಬಟ್ಟೆ ಬಿಗಿದು ಕಟ್ಟು ಅನ್ನುತ್ತಾರೆ. ಏನು ಮಾಡಲಿ?
– ಓದುಗರೊಬ್ಬರು, ಜಯನಗರ, ಬೆಂಗಳೂರು

ಉತ್ತರ: ಸಿಟ್‌ಅಪ್ ಇವತ್ತೇ ನಿಲ್ಲಿಸಿ. ಆ ಉಬ್ಬು ಬರೀ ಕೊಬ್ಬಲ್ಲ. ಬಸಿರಿನಲ್ಲಿ ಹೊಟ್ಟೆಯ ಎರಡು ಉದ್ದ ಸ್ನಾಯುಗಳ ನಡುವಿನ ಪಟ್ಟಿ ಹಿಗ್ಗುತ್ತದೆ. ಅದಿನ್ನೂ ಕೂಡಿಕೊಂಡಿಲ್ಲ ಅನ್ನಿಸುತ್ತದೆ. ಅಂಗಾತ ಮಲಗಿ, ಮಂಡಿ ಮಡಚಿ, ತಲೆ ಮಾತ್ರ ಎತ್ತಿ ಹೊಕ್ಕುಳ ಮೇಲೆ ಬೆರಳೊತ್ತಿ ನೋಡಿ. ಎರಡು ಬೆರಳಿಗಿಂತ ಅಗಲ ತಗ್ಗು ಸಿಕ್ಕರೆ ಫಿಸಿಯೋಥೆರಪಿಸ್ಟ್‌ಗೆ ತೋರಿಸಿ.

ಅಲ್ಲಿಯವರೆಗೆ ಅದೇ ಭಂಗಿಯಲ್ಲಿ ತಲೆ ಎತ್ತದೆ, ಉಸಿರು ಬಿಡುತ್ತಾ ಮೂತ್ರ ತಡೆಯುವ ಹಾಗೆ ಕೆಳಗಿನ ಸ್ನಾಯುಗಳನ್ನು ಮೇಲಕ್ಕೆಳೆದು, ಹೊಕ್ಕುಳನ್ನು ಮೆಲ್ಲಗೆ ಒಳಗೆ ಸೆಳೆದು 5 ಸೆಕೆಂಡ್ ಹಿಡಿಯಿರಿ. ಆಮೇಲೆ ಪೂರ್ತಿ ಸಡಿಲ ಬಿಡಿ. 10 ಸಲ, ದಿನಕ್ಕೆ ಮೂರು ಹೊತ್ತು. ಬಹಳ ಜನ ತಪ್ಪುವುದು ಇಲ್ಲೇ: ಉಸಿರು ಕಟ್ಟುತ್ತಾರೆ, ಒತ್ತಡವೆಲ್ಲ ಕೆಳಕ್ಕೆ ಬೀಳುತ್ತದೆ. ಹಾಸಿಗೆಯಿಂದ ಏಳುವಾಗ ಮಗ್ಗುಲಿಗೆ ಹೊರಳಿ ಕೈಯೂರಿ ಏಳಿ.

ಬಟ್ಟೆ ಸೊಂಟಕ್ಕೆ ಆಸರೆ, ಸರಿ. ಸ್ನಾಯುವಿಗೆ ಬಲ ಕೊಡದು. ಉಸಿರಾಡಲು ಕಷ್ಟವಾಗುವಷ್ಟು ಬಿಗಿಯಬೇಡಿ. ಹಾಲೂಡಿಸುತ್ತಿದ್ದರೆ ಊಟ ಬಿಡಲೇಬೇಡಿ. ಲಾಲ್‌ಬಾಗ್‌ನ ಸಮತಟ್ಟು ದಾರಿಯಲ್ಲಿ 20 ನಿಮಿಷ ನಡೆಯಿರಿ, ಬಂಡೆ ಹತ್ತುವುದು ಸದ್ಯಕ್ಕೆ ಬೇಡ. ಕೆಮ್ಮಿದಾಗ ಮೂತ್ರ ಸೋರುತ್ತಿದ್ದರೆ ಸಂಕೋಚಪಡದೆ ವೈದ್ಯರಿಗೆ ಹೇಳಿ.